ದಕ್ಷಿಣ ಆಫ್ರಿಕಾದಲ್ಲಿ ಕಂಪನಿಯ ತರಬೇತಿ ಯೋಜನೆಗೂ ಉದ್ಯೋಗ ಸಮಾನತೆಗೂ ಏನು ಸಂಬಂಧ?

ನೇರ ಸಂಬಂಧ ಇದೆ. ಉದ್ಯೋಗ ಸಮಾನತೆ ಕಾಯ್ದೆ, ಕೌಶಲ ಅಭಿವೃದ್ಧಿ ಕಾಯ್ದೆ ಎರಡೂ 1998ರವು. ವರ್ಣಭೇದದ ಕಾಲದಲ್ಲಿ ಕಪ್ಪು ಜನರನ್ನು ಒಳ್ಳೆಯ ಶಿಕ್ಷಣದಿಂದಲೂ ಕುಶಲ ಕೆಲಸದಿಂದಲೂ ಕಾನೂನೇ ದೂರ ಇಟ್ಟಿತ್ತು. ಹಾಗಾಗಿ ಸುಮ್ನೆ ನೇಮಕಾತಿ ಗುರಿ ಹಾಕಿಕೊಂಡರೆ ಸಾಲದು, ಕಲಿಸಲೂ ಬೇಕು.

ನನಗೆ ಬಹಳ ಮುಖ್ಯ ಅನಿಸುವುದು ಸಮಾನತೆ ಕಾಯ್ದೆಯ 20ನೇ ಸೆಕ್ಷನ್. ಒಬ್ಬರು ಹುದ್ದೆಗೆ ಅರ್ಹರು ಅನ್ನಲು ಡಿಗ್ರಿಯೇ ಬೇಕಿಲ್ಲ. ಮೊದಲಿನ ಕಲಿಕೆ, ಅನುಭವ, ಅಥವಾ ಸೂಕ್ತ ಸಮಯದೊಳಗೆ ಆ ಕೆಲಸ ಕಲಿಯಬಲ್ಲ ಸಾಮರ್ಥ್ಯ ಇದ್ದರೂ ಆಯಿತು. ವರ್ಷಗಟ್ಟಲೆ ಯಂತ್ರ ನಡೆಸಿದ ಮಹಿಳೆಗೆ ಸೂಪರ್‌ವೈಸರ್ ಆಗಲು ಬೇಕಿರುವುದು ಬರೀ ವರದಿ ಬರೆಯುವ, ಪಾಳಿ ಹಂಚುವ ತರಬೇತಿ ಇರಬಹುದು, ಅಲ್ವಾ? ಅದನ್ನು ಕೊಡದೆ 'ಅರ್ಹರು ಸಿಗಲಿಲ್ಲ' ಅನ್ನುವುದು ಅನ್ಯಾಯ.

ಇನ್ನು ಹಣ. ಕಂಪನಿ ತನ್ನ ಎಲ್ಲ ನೌಕರರಿಗೆ ಕೊಡುವ ವರ್ಷದ ಸಂಬಳದ ಒಟ್ಟು ಮೊತ್ತ 5 ಲಕ್ಷ ರ್‍ಯಾಂಡ್ ದಾಟಿದರೆ ಅದರ 1% ಕೌಶಲ ಲೆವಿ, ಅಂದರೆ ತರಬೇತಿಗಾಗಿ ಇರುವ ತೆರಿಗೆ, ಕಟ್ಟಬೇಕು. ಏಪ್ರಿಲ್ 30ರೊಳಗೆ ತರಬೇತಿ ಯೋಜನೆ ಮತ್ತು ಹಿಂದಿನ ವರ್ಷದ ತರಬೇತಿ ವರದಿಯನ್ನು ತಮ್ಮ ಉದ್ಯಮ ಕ್ಷೇತ್ರದ ತರಬೇತಿ ನೋಡಿಕೊಳ್ಳುವ 'ಸೇಟಾ' ಸಂಸ್ಥೆಗೆ ಕೊಟ್ಟರೆ ಲೆವಿಯ 20% ವಾಪಸ್ ಬರುತ್ತದೆ.

ಯೋಜನೆ ಮಾಡುವಾಗ ಮೊದಲು ಕಂಪನಿಯ ಯಾವ ಹುದ್ದೆಯ ಹಂತದಲ್ಲಿ ಕಪ್ಪು ಜನ, ಮಹಿಳೆಯರು, ಅಂಗವಿಕಲರು ಕಡಿಮೆ ಇದ್ದಾರೆ ನೋಡಿ. ಅದರ ಕೆಳಗಿನ ಹಂತದಲ್ಲಿ ಇರುವವರ ಹೆಸರನ್ನೇ ತರಬೇತಿ ಯೋಜನೆಗೆ ಸೇರಿಸಿ. ಎಷ್ಟೋ ಕಡೆ ತರಬೇತಿ ಜಾಸ್ತಿ ಕೊಡುತ್ತಾರೆ, ಆದರೆ ಅದು ಬಡ್ತಿಗೆ ದಾರಿ ಮಾಡುವ ತರಬೇತಿ ಆಗಿರುವುದಿಲ್ಲ.