ಮೊದಲ ಸಲ ಟ್ರೇಲರ್ ಕಟ್ಟಿಕೊಂಡು ದೇವಿಮನೆ ಘಟ್ಟ ಇಳಿಯಬಹುದೇ?

ನಿಮ್ಮ ಪ್ರಶ್ನೆ ಓದಿದೆ. ಶಿರಸಿ ಬದಿಯಲ್ಲಿ ಕಳಚಿದ ಹಳೇ ಮನೆಯೊಂದರ ಸಾವಿರ ಹಂಚು ಕೊಂಡಿದ್ದೀರಿ, ಅದನ್ನು ಕುಮಟಾ ಹತ್ತಿರದ ನಿಮ್ಮ ಮನೆಗೆ ಒಯ್ಯಬೇಕು, ಮಾವನ ಟ್ರ್ಯಾಕ್ಟರು ಎರಡು ಗಾಲಿಯ ಟ್ರೇಲರ್ ಸಮೇತ ಸಿಗುತ್ತದೆ. ಕಾರು ಆರು ವರ್ಷದಿಂದ ಓಡಿಸುತ್ತಿದ್ದೀರಿ, ಟ್ರ್ಯಾಕ್ಟರನ್ನು ಗದ್ದೆಯಲ್ಲಿ ಓಡಿಸಿ ಗೊತ್ತು, ಆದರೆ ಟ್ರೇಲರ್ ಎಳೆದಿದ್ದೇ ಇಲ್ಲ. ಒಬ್ಬನೇ ಹೋಗಿ ತರಬಹುದಾ ಎಂದು ಕೇಳಿದ್ದೀರಿ.

ಖಾಲಿ ಟ್ರೇಲರ್ ಕಟ್ಟಿಕೊಂಡು ಮೇಲೆ ಬನ್ನಿ, ಅಡ್ಡಿಯಿಲ್ಲ. ಅದಕ್ಕೂ ಮೊದಲು ಒಂದು ದಿನ ಬಯಲಲ್ಲಿ ಕಲಿಯಬೇಕು. ಹಂಚು ತುಂಬಿಕೊಂಡು ಘಟ್ಟ ಇಳಿಸುವ ಕೆಲಸವನ್ನು ಮಾತ್ರ ಈ ಸಲ ಕೈ ಪಳಗಿದವರಿಗೆ ಬಿಡಿ. ಘಟ್ಟ ಇಳಿದ ಮೇಲೆ, ಕತಗಾಲದಲ್ಲಿ ಸ್ಟೇರಿಂಗ್ ಮತ್ತೆ ನಿಮ್ಮ ಕೈಗೆ ಬರಲಿ. ನಾನು ಇಪ್ಪತ್ತೆರಡು ವರ್ಷದಿಂದ ಶಿರಸಿ ತಾಲ್ಲೂಕಿನ ಏರು-ಇಳಿಜಾರಿನಲ್ಲೇ ಟ್ರೇಲರ್ ಎಳೆಯುತ್ತಿದ್ದೇನೆ. ಈ ಮಾತನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ, ಲೆಕ್ಕ ನೋಡಿಯೇ ಹೇಳುತ್ತಿದ್ದೇನೆ.

ಒಂದು ಮಂಗಳೂರು ಹಂಚು ಎರಡೂವರೆ ಕೆ.ಜಿ. ಆಸುಪಾಸು ತೂಗುತ್ತದೆ. ಸಾವಿರ ಹಂಚೆಂದರೆ ಎರಡೂವರೆ ಟನ್. ಟ್ರೇಲರಿನ ಕಬ್ಬಿಣವೇ ಟನ್ನಿನ ಮೇಲೆ. ನಮ್ಮ ಕಡೆ ಇರುವ ಸಾಧಾರಣ ಟ್ರ್ಯಾಕ್ಟರು ಎರಡು ಟನ್ ಹತ್ತಿರ. ಅಂದರೆ ಎಳೆಯುವ ಗಾಡಿಗಿಂತ ಹಿಂದಿನಿಂದ ಬರುವುದೇ ಹೆಚ್ಚು ಭಾರ, ಮತ್ತು ಊರಲ್ಲಿರುವ ಬಹುಪಾಲು ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಏರಿನಲ್ಲಿ ಅದು ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ನೂಕುತ್ತದೆ. ಜಗ್ಗುವುದು ಕೂತವನಿಗೆ ಕೂಡಲೇ ತಿಳಿಯುತ್ತದೆ. ನೂಕುವುದು ತಿಳಿಯುವಷ್ಟರಲ್ಲಿ ವೇಗ ಬಂದಾಗಿರುತ್ತದೆ.

ನನಗೆ ಇದು ತಿಳಿದದ್ದು ಮೊದಲ ವರ್ಷವೇ. ತೋಟಕ್ಕೆ ಕೆಂಪು ಮಣ್ಣು ಹೊಡೆಯುತ್ತಿದ್ದೆ. ಮನೆಯಿಂದ ತೋಟಕ್ಕೆ ಇಳಿಯುವ ದಾರಿ ನೂರು ಮಾರೂ ಇಲ್ಲ, ಒಂದೇ ತಿರುವು. ಸ್ವಲ್ಪ ಜೋರಾಯಿತು ಅನ್ನಿಸಿ, ಗೇರ್ ಇಳಿಸೋಣವೆಂದು ಕ್ಲಚ್ ಒತ್ತಿದೆ. ಒತ್ತಿದ್ದೇ ತಡ, ಅಷ್ಟು ಹೊತ್ತು ಗಾಡಿಯನ್ನು ಹಿಡಿದುಕೊಂಡಿದ್ದ ಎಂಜಿನ್ನಿನ ಹಿಡಿತ ತಪ್ಪಿತು. ಗಾಬರಿಯಲ್ಲಿ ಬ್ರೇಕ್ ತುಳಿದೆ. ದೊಡ್ಡ ಗಾಲಿ ನಿಂತವು, ಟ್ರೇಲರ್ ನಿಲ್ಲಲಿಲ್ಲ. ಅದು ಟ್ರ್ಯಾಕ್ಟರಿನ ಬಾಲವನ್ನು ಪಕ್ಕಕ್ಕೆ ತಳ್ಳಿ, ಮಡಚಿಕೊಂಡು, ನನ್ನ ಎಡಗಡೆಗೆ ಬಂದೇ ಬಿಟ್ಟಿತು. ಟ್ರ್ಯಾಕ್ಟರಿನ ಮೂತಿ ದಾರಿ ಬದಿಯ ಮಣ್ಣಿನ ಧರೆಗೆ ಹೊಕ್ಕಿ ನಿಂತಿದ್ದರಿಂದ ಉಳಿದೆ. ಧರೆ ಇದ್ದದ್ದು ಎಡಕ್ಕೆ, ಬಲಕ್ಕೆ ಇಪ್ಪತ್ತು ಅಡಿ ಕೆಳಗೆ ತೋಟ. ಎಂಜಿನ್ ಬಂದ್ ಮಾಡಿ ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ, ಕೈ ನಡುಗುವುದು ನಿಂತಿರಲಿಲ್ಲ.

ಹಾಗಾಗಿ ಇಳಿಜಾರಿಗೆ ಬೇಕಾದ ಗೇರನ್ನು ಇಳಿಯುವುದಕ್ಕೂ ಮೊದಲೇ, ಸಮತಟ್ಟಿನಲ್ಲಿ ನಿಂತು ಹಾಕಿಕೊಳ್ಳಬೇಕು. ಯಾವ ಗೇರಿನಲ್ಲಿ ಆ ಭಾರವನ್ನು ಏರಿಸಬಹುದೋ ಅದೇ ಗೇರಿನಲ್ಲಿ ಇಳಿಸಬೇಕು ಎಂಬುದು ನಮ್ಮ ಹಳೇ ಡ್ರೈವರುಗಳ ಅಳತೆ, ನಾನು ಇವತ್ತಿಗೂ ಅದನ್ನೇ ನಂಬಿದ್ದೇನೆ. ಮಧ್ಯದಲ್ಲಿ ಕ್ಲಚ್ ಮುಟ್ಟುವಂತಿಲ್ಲ, ನ್ಯೂಟ್ರಲ್ ಅಂತೂ ಕೇಳಲೇಬೇಡಿ. ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲಿನಲ್ಲಿ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯಬೇಕು. ಇನ್ನೊಂದು ವಿಷಯ, ಗದ್ದೆಯಲ್ಲಿ ಮಾತ್ರ ಓಡಿಸಿದವರಿಗೆ ಇದು ಮರೆತೇ ಹೋಗುತ್ತದೆ: ಟ್ರ್ಯಾಕ್ಟರಿಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು ಬ್ರೇಕ್ ಪೆಡಲ್. ಗದ್ದೆಯಲ್ಲಿ ತಿರುಗಿಸಲಿಕ್ಕೆ ಬೇರೆ ಬೇರೆ ಬಿಟ್ಟಿರುತ್ತೇವೆ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸುವ ಪಟ್ಟಿಯನ್ನು ಹಾಕಲೇಬೇಕು. ಹಾಕದೆ ಒಂದೇ ಪೆಡಲ್ ಮೇಲೆ ಕಾಲು ಬಿದ್ದರೆ ಟ್ರ್ಯಾಕ್ಟರು ಆ ಕಡೆಗೆ ತಿರುಗಿಬಿಡುತ್ತದೆ. ಹಿಂದೆ ಮೂರೂವರೆ ಟನ್ ನೂಕುತ್ತಿರುವಾಗ ಹಾಗಾದರೆ ಮಗುಚುವುದೇ.

ಈಗ ಕಲಿಯುವ ದಿನದ ಮಾತು. ಕಳೆದ ವರ್ಷ ನನ್ನ ಅಕ್ಕನ ಮಗನಿಗೆ ಕಲಿಸಿದೆ, ಅವನೂ ನಿಮ್ಮ ಹಾಗೇ ಕಾರು ಬಲ್ಲವನು. ಕೊಯ್ಲಾಗಿ ಒಣಗಿದ ಗದ್ದೆಯಲ್ಲಿ ಎರಡು ಅಡಿಕೆ ದಬ್ಬೆ ಹುಗಿದು, ನಡುವೆ ಹತ್ತು ಅಡಿ ಬಿಟ್ಟು, ಖಾಲಿ ಟ್ರೇಲರನ್ನು ಹಿಮ್ಮುಖವಾಗಿ ಅದರೊಳಗೆ ತರಲು ಹೇಳಿದೆ. ಮುಂದೆ ಹೋಗುವುದು ಅರ್ಧ ಗಂಟೆಯಲ್ಲಿ ಬಂತು. ತಿರುವಿನಲ್ಲಿ ಟ್ರೇಲರಿನ ಗಾಲಿ ಟ್ರ್ಯಾಕ್ಟರಿನ ಗಾಲಿ ಹೋದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ, ಅದಕ್ಕೇ ಸ್ವಲ್ಪ ಮುಂದೆ ಹೋಗಿ ಅಗಲವಾಗಿ ತಿರುಗಿಸಬೇಕು. ಇದನ್ನು ಮಣ್ಣಿನ ಮೇಲಿನ ಗುರುತು ತೋರಿಸಿಯೇ ಹೇಳಿದೆ, ಕೂಡಲೇ ಹೊಳೆಯಿತು.

ಹಿಂದೆ ಬರುವುದು ಮಾತ್ರ ಮಧ್ಯಾಹ್ನವಾದರೂ ಬರಲಿಲ್ಲ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಅದು ತಲೆಗೆ ಗೊತ್ತು, ಕೈ ಕೇಳುವುದಿಲ್ಲ. ದಬ್ಬೆ ಎರಡು ಸಲ ಮುರಿಯಿತು. "ಮಾವಾ, ಕಾರಿನ ರೂಢಿ ಬಿಡ್ತಾ ಇಲ್ಲೆ" ಎಂದು ಇಳಿದುಬಿಟ್ಟ. ಊಟ ಮಾಡಿ ಬಂದ ಮೇಲೆ ಒಂದೇ ಒಂದು ಬದಲಾವಣೆ ಮಾಡಿಸಿದೆ: ಸ್ಟೇರಿಂಗನ್ನು ಮೇಲೆ ಹಿಡಿಯದೆ ಕೆಳತುದಿಯಲ್ಲಿ ಒಂದೇ ಕೈಯಿಂದ ಹಿಡಿ, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನೂ ಅದೇ ಕಡೆ ಸರಿಸು. ಆಗ ಎಡಬಲದ ಗೊಂದಲವೇ ಇಲ್ಲ. ಒಂದು ಗೇಣು ಸರಿಸಿದರೆ ಸಾಕು. ಟ್ರೇಲರ್ ತಿರುಗತೊಡಗಿದ ಕೂಡಲೇ ಕೈಯನ್ನು ವಾಪಸು ತಂದು, ಟ್ರ್ಯಾಕ್ಟರು ಅದರ ಬೆನ್ನು ಹತ್ತುವಂತೆ ಮಾಡಬೇಕು. ತಡಮಾಡಿದರೆ ಮಡಚಿಕೊಂಡು ಟ್ರೇಲರಿನ ಮೂಲೆ ದೊಡ್ಡ ಟೈರಿಗೆ ಬಂದು ತಾಗುತ್ತದೆ. ಹಾಗಾಗುತ್ತದೆ ಅನ್ನಿಸಿದರೆ ಅಲ್ಲೇ ಸರಿಪಡಿಸಲು ಹೋಗಬೇಡಿ, ನಿಲ್ಲಿಸಿ, ಮುಂದೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಬನ್ನಿ. "ಗಡಿಬಿಡಿ ಮಾಡಡ ತಮಾ, ಸಾವಕಾಶ ಬಾ" ಎಂದು ಹೇಳುತ್ತಾ ಪಕ್ಕದಲ್ಲಿ ನಡೆದೆ. ಸಂಜೆ ಐದರ ಹೊತ್ತಿಗೆ ದಬ್ಬೆ ಮುಟ್ಟದೆ ಒಳಗೆ ತಂದ. ಅವನ ಮುಖ ಆಗ ನೋಡಬೇಕಿತ್ತು.

ಟ್ರೇಲರ್ ಕಟ್ಟುವಾಗ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಯಾರೂ ನಿಲ್ಲಬಾರದು. ಟ್ರ್ಯಾಕ್ಟರು ಪೂರ್ತಿ ನಿಂತು ಬ್ರೇಕ್ ಹಾಕಿದ ಮೇಲೆಯೇ ಬಂದು ಪಿನ್ ಹಾಕಬೇಕು. ಆ ಪಿನ್ನನ್ನು ಹಾಕುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ನಮ್ಮ ಹಳೇ ಪಿನ್ನು ಮೇಲೂ ಕೆಳಗೂ ದಪ್ಪ ಇದ್ದು, ಕೊಂಡಿ ಉಜ್ಜುವ ನಡುಭಾಗ ಸವೆದು ಸೊಂಟದ ಹಾಗೆ ಸಣ್ಣಗಾಗಿತ್ತು. ಕಟ್ಟಿದಾಗ ಅದು ಕಾಣುವುದೇ ಇಲ್ಲ, ತೆಗೆದರೆ ಮಾತ್ರ ಕಾಣುತ್ತದೆ. ಹಾಗಿದ್ದರೆ ಹೊಸದು ಹಾಕಿ. ಅದರ ಬುಡದ ಲಾಕ್ ಪಿನ್ನಿನ ಜಾಗದಲ್ಲಿ ತಂತಿಯೋ ಮೊಳೆಯೋ ಇದ್ದರೆ ಅದನ್ನೂ ಬದಲಿಸಿ, ಮೇಲೊಂದು ಗಟ್ಟಿ ಸರಪಳಿ ಸುತ್ತಿ.

ಲೈಸೆನ್ಸ್ ವಿಷಯ ಕೇಳಿದ್ದೀರಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲಘು ಮೋಟಾರು ವಾಹನ, ಅಂದರೆ ನಿಮ್ಮ ಕಾರಿನ ಲೈಸೆನ್ಸಿನ ವರ್ಗದಲ್ಲಿ, ಖಾಲಿ ತೂಕ 7,500 ಕೆ.ಜಿ. ಮೀರದ ಟ್ರ್ಯಾಕ್ಟರೂ ಸೇರುತ್ತದೆ. ಟ್ರ್ಯಾಕ್ಟರಿನ ಲೈಸೆನ್ಸ್ ಇದ್ದವನು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಆ ಲೈಸೆನ್ಸ್ ನಡೆಯದೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಟ್ರೇಲರಿಗೆ ಬೇರೆ ನೋಂದಣಿ ಇರುತ್ತದೆ, ವಿಮೆಯಲ್ಲಿ ಅದೂ ಸೇರಿದೆಯಾ ಎಂದು ಮಾವನ ಹತ್ತಿರ ಕಾಗದ ಕೇಳಿ ನೋಡಿ. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು. ಮಡ್‌ಗಾರ್ಡಿನ ಮೇಲೆ, ಹಂಚಿನ ಮೇಲೆ ಯಾರನ್ನೂ ಕೂರಿಸಬೇಡಿ. ಜೊತೆಗೆ ಬರುವವರು ಬೈಕಿನಲ್ಲಿ ಬರಲಿ. ಅಕ್ಕನ ಮಗ ಮೊದಲ ಸಲ ರಸ್ತೆಗಿಳಿದಾಗ ನಾನು ಹಾಗೇ ಬೈಕಿನಲ್ಲಿ ಹಿಂದೆ ಹೋಗಿದ್ದೆ.

ಹಂಚು ತುಂಬುವಾಗ ನಿಮ್ಮ ಕಣ್ಣು ಅಲ್ಲಿರಲಿ. ಹಂಚನ್ನು ಮಲಗಿಸದೆ ಅಂಚಿನ ಮೇಲೆ ಬಿಗಿಯಾಗಿ ನಿಲ್ಲಿಸಿ, ಸಾಲಿನ ನಡುವೆ ಒಣಹುಲ್ಲು ಕೊಡಿ. ಎರಡು ಗಾಲಿಯ ಟ್ರೇಲರಿಗೆ ಭಾರ ಅಚ್ಚಿನಿಂದ ಸ್ವಲ್ಪ ಮುಂದೆ ಬೀಳಬೇಕು. ಹಿಂದೆ ಹೆಚ್ಚಾದರೆ ಅದು ಟ್ರ್ಯಾಕ್ಟರಿನ ಬಾಲವನ್ನೇ ಎತ್ತಿ ದೊಡ್ಡ ಗಾಲಿಗಳ ಹಿಡಿತ ತಪ್ಪಿಸುತ್ತದೆ. ತೀರಾ ಮುಂದಾದರೆ ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಕೇಳುವುದಿಲ್ಲ. ಸಾಧ್ಯವಾದರೆ ಐನೂರರಂತೆ ಎರಡು ಟ್ರಿಪ್ ಮಾಡಿ ಎಂದೇ ನಾನು ಹೇಳುವುದು, ಡೀಸೆಲ್ ಹೋದರೆ ಹೋಗಲಿ.

ಹೊರಡುವುದು ಬೆಳಿಗ್ಗೆ. ರಾಗಿಹೊಸಳ್ಳಿ ದಾಟಿ, ಇಳಿಜಾರು ಶುರುವಾಗುವ ಮುಂಚೆ ದೇವಿಮನೆಯಲ್ಲಿ ನಿಲ್ಲಿಸಿ, ಪಿನ್ನು, ಸರಪಳಿ, ಹಗ್ಗ, ಗಾಲಿಯ ನಟ್ಟು ಮುಟ್ಟಿ ನೋಡಿ, ಅಲ್ಲಿ ಕೈ ಪಳಗಿದವರಿಗೆ ಸೀಟು ಬಿಟ್ಟುಕೊಡಿ. ನೀವು ಬೈಕಿನಲ್ಲಿ ಹಿಂದೆ ಬರುತ್ತಾ, ತಿರುವಿನಲ್ಲಿ ಅವರು ಎಷ್ಟು ಅಗಲ ತೆಗೆದುಕೊಳ್ಳುತ್ತಾರೆ, ಏರಿ ಬರುವ ಬಸ್ಸಿಗೆ ಎಲ್ಲಿ ನಿಂತು ದಾರಿ ಬಿಡುತ್ತಾರೆ ಎಂದು ನೋಡುತ್ತಾ ಇಳಿಯಿರಿ. ಮಳೆ ಇದ್ದರೆ ಆ ದಿನ ಬೇಡವೇ ಬೇಡ, ಧರೆ ಕುಸಿಯುವ ದಾರಿ ಅದು.

ಮನೆಗೆ ಮುಟ್ಟಿದ ಮೇಲೆ ಹಂಚು ಪೂರ್ತಿ ಇಳಿಯುವ ತನಕ ಟ್ರೇಲರನ್ನು ಟ್ರ್ಯಾಕ್ಟರಿನಿಂದ ಬಿಚ್ಚಬೇಡಿ. ಮುಂದಿನ ಸಾಲು ಮೊದಲು ಇಳಿಸಿದರೆ ಭಾರ ಹಿಂದಾಗಿ, ಬಿಚ್ಚಿದ ಕೂಡಲೇ ಕೊಂಡಿ ಮೇಲಕ್ಕೆ ಚಿಮ್ಮುತ್ತದೆ. ಖಾಲಿಯಾದ ಮೇಲೆ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮುಂದಿನ ಸ್ಟ್ಯಾಂಡು ಇಳಿಸಿ, ಆಮೇಲೆ ಪಿನ್ನು ತೆಗೆಯಿರಿ.