ಪ್ರ: ಡೇಟಾಬೇಸ್ ತೆರೆದು ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಕನ್ನಡ ಸರಿಯಾಗಿದೆ, ನನ್ನ ಪುಟದಲ್ಲಿ ಮಾತ್ರ ಬರೀ ಪ್ರಶ್ನೆಚಿಹ್ನೆ, ಯಾಕೆ?

ಗಾಬರಿಯಾಗಬೇಡಿ. ಅಲ್ಲಿ ಕನ್ನಡ ಕಾಣುತ್ತಿದೆ ಅಂದರೆ ಡೇಟಾ ಹಾಳಾಗಿಲ್ಲ. ನಿಮ್ಮ ಪಿಎಚ್‌ಪಿ ಸ್ಕ್ರಿಪ್ಟ್ ಮೈಎಸ್‌ಕ್ಯೂಎಲ್ ಡೇಟಾಬೇಸ್ ಜೊತೆ ಲ್ಯಾಟಿನ್1 ಎಂಬ ಚಾರ್‌ಸೆಟ್‌ನಲ್ಲಿ (ಅಕ್ಷರಗಳ ಕೋಡ್ ಪಟ್ಟಿಯಲ್ಲಿ) ಮಾತಾಡುತ್ತಿದೆ, ಅಷ್ಟೇ. ಲ್ಯಾಟಿನ್1ನಲ್ಲಿ ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲ. ಅದಕ್ಕೇ ಮೈಎಸ್‌ಕ್ಯೂಎಲ್ ಒಂದೊಂದು ಅಕ್ಷರದ ಬದಲಿಗೂ ಪ್ರಶ್ನೆಚಿಹ್ನೆ ಕಳಿಸುತ್ತದೆ.

ಪಿಎಚ್‌ಪಿಯಿಂದ ಡೇಟಾಬೇಸ್‌ಗೆ ಕನೆಕ್ಟ್ ಆಗಲು ಮೈಎಸ್‌ಕ್ಯೂಎಲ್‌ಐ ಬಳಸುತ್ತಿದ್ದೀರಿ ಅಲ್ವಾ? ಕನೆಕ್ಷನ್ ಆದ ಕೂಡಲೇ, ಮೊದಲ ಕ್ವೆರಿಗೂ ಮುಂಚೆ, ಸೆಟ್-ಚಾರ್‌ಸೆಟ್ ಫಂಕ್ಷನ್‌ಗೆ ಯುಟಿಎಫ್8ಎಂಬಿ4 ಎಂದು ಕೊಡಿ. ಅದರ ಬದಲು ಪಿಡಿಒ ಎಂಬ ಇನ್ನೊಂದು ದಾರಿ ಬಳಸುತ್ತಿದ್ದರೆ ಕನೆಕ್ಷನ್ ಸಾಲಿನಲ್ಲೇ ಚಾರ್‌ಸೆಟ್ ಬರೆಯಬೇಕು. ಬರೀ ಯುಟಿಎಫ್8 ಕೊಟ್ಟರೂ ಕನ್ನಡ ಬರುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ ಅದು ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್ ಕೊಡುತ್ತದೆ, ನಮ್ಮ ಅಕ್ಷರಗಳಿಗೆ ಅಷ್ಟು ಸಾಕು. ಆದರೆ ಯಾರಾದರೂ ಇಮೋಜಿ ಹಾಕಿದರೆ ಅದಕ್ಕೆ 4 ಬೈಟ್ ಬೇಕು, ಅಲ್ಲಿ ಮುಗ್ಗರಿಸುತ್ತೀರಿ.

ಒಂದು ತಮಾಷೆ ಇದೆ, ನಾನೂ ಇದರಲ್ಲಿ ಒಂದಿಡೀ ಭಾನುವಾರ ಕಳೆದಿದ್ದೇನೆ. ಇದೇ ತಪ್ಪು ಕನೆಕ್ಷನ್‌ನಿಂದ, ಫಾರ್ಮ್ ಮೂಲಕ ಸೇರಿಸಿದ ಸಾಲುಗಳು ಇಲ್ಲಿಯವರೆಗೆ ಪುಟದಲ್ಲಿ ಸರಿಯಾಗೇ ಕಂಡಿರುತ್ತವೆ. ನೀವು ಚಾರ್‌ಸೆಟ್ ಸರಿಮಾಡಿದ ಮೇಲೆ ಅವೇ ವಿಚಿತ್ರ ಗೀಟುಗಳಾಗಿ ಬರುತ್ತವೆ! ಅವು ಎರಡು ಸಲ ಎನ್‌ಕೋಡ್ ಆಗಿ, ಅಂದರೆ ಬೈಟ್‌ಗಳಾಗಿದ್ದ ಕನ್ನಡವೇ ಮತ್ತೊಮ್ಮೆ ಬೈಟ್‌ಗಳಾಗಿ ಬದಲಾಗಿ ಕೂತಿವೆ. ಅನುಮಾನ ಬಂದ ಸಾಲಿನ ಮೇಲೆ ಹೆಕ್ಸ್ ಫಂಕ್ಷನ್ ಹಾಕಿ ನೋಡಿ, ಒಳಗಿರುವ ಬೈಟ್‌ಗಳ ಕೋಡ್ ತೋರಿಸುತ್ತದೆ. ಇ0ಬಿ2 ಅಥವಾ ಇ0ಬಿ3 ಎಂದು ಶುರುವಾದರೆ ಅಪ್ಪಟ ಕನ್ನಡ. ಸಿ3ಎ0 ಎಂದಿದ್ದರೆ ಎರಡು ಸಲದ್ದು, ಲ್ಯಾಟಿನ್1, ಬೈನರಿ, ಯುಟಿಎಫ್8ಎಂಬಿ4 ಹೀಗೆ ಸರದಿಯಲ್ಲಿ ಬದಲಿಸಿದರೆ ವಾಪಸ್ ಬರುತ್ತದೆ. ಸಾಲುಸಾಲು 3ಎಫ್ (ಪ್ರಶ್ನೆಚಿಹ್ನೆಯ ಕೋಡ್) ಇದ್ದರೆ ಮಾತ್ರ ಅದು ಹೋದಂತೆಯೇ, ಮತ್ತೆ ಟೈಪ್ ಮಾಡಬೇಕು.

ಹೀಗೆ ಸಾಲುಗಳನ್ನು ಬದಲಿಸುವ ಅಪ್‌ಡೇಟ್ ಕ್ವೆರಿ ಓಡಿಸುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಕೆಟ್ಟ ಸಾಲುಗಳಿಗೆ ಮಾತ್ರ ಓಡಿಸಿ, ಸುಮ್ನೆ ಇಡೀ ಟೇಬಲ್‌ಗೆ ಬೇಡ.