ಟೀಗೆ ಬನ್ನಿ ಅಂದರೆ ಊಟಕ್ಕೆ ಬನ್ನಿ

ಅಮ್ಮ, ನಮಸ್ಕಾರ.

ಧಾರವಾಡದಿಂದ ನೀವು ಬರೆದ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಸಾರ ಮಾತ್ರ ಹೇಳಿಬಿಡುತ್ತೇನೆ. ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗಿ ನೀವು ಐದು ತಿಂಗಳು ಇದ್ದು ಬಂದಿದ್ದೀರಿ. ಪಕ್ಕದ ಮನೆಯ ಹಿರಿಯ ಹೆಂಗಸು ದಿನಾ ಎದುರಿಗೆ ಸಿಕ್ಕರೂ ಮಳೆ, ಬಿಸಿಲು, ಗಾಳಿ ಬಿಟ್ಟು ಬೇರೆ ಮಾತೇ ಆಡಲಿಲ್ಲ. ನೀವು ಡಬ್ಬಿ ತುಂಬ ರವೆ ಉಂಡೆ ಕೊಟ್ಟರೆ ಡಬ್ಬಿಯನ್ನು ತೊಳೆದು ಖಾಲಿ ವಾಪಸ್ ಕೊಟ್ಟರು, ಮಾರನೇ ದಿನ ಬಾಗಿಲ ಸಂದಿಯಿಂದ ಒಂದು ಕಾರ್ಡ್ ಹಾಕಿ ಹೋದರು, ಅದನ್ನು ಮಗಳು ಡ್ರಾಯರಿನಲ್ಲಿ ಹಾಕಿಟ್ಟಳು. ಆಮೇಲೆ ಒಂದು ದಿನ ಸಂಜೆ ಐದೂವರೆಗೆ ಟೀಗೆ ಕರೆದರು. ನೀವೆಲ್ಲ ಮನೆಯಲ್ಲೇ ಊಟ ಮುಗಿಸಿ ಹೋದಿರಿ, ಹೊಟ್ಟೆ ತುಂಬಿದೆ ಅಂತ ಒಂದೊಂದು ಕಪ್ ಟೀ ಕುಡಿದು ಎದ್ದು ಬಂದಿರಿ. ಅವತ್ತಿನಿಂದ ಅವರ ಮುಖ ಸಪ್ಪಗಾಯಿತು. 'ಈ ಜನಕ್ಕೆ ಸಂಪ್ರದಾಯ ಅಂತ ಏನಾದರೂ ಇದೆಯೇ, ಮನುಷ್ಯರ ಮೇಲೆ ಪ್ರೀತಿ ಇದೆಯೇ' ಅಂತ ಕೇಳಿದ್ದೀರಿ.

ಪತ್ರ ಓದಿ ನನಗೆ ನಿಮಗಿಂತ ಜಾಸ್ತಿ ಆ ಪಕ್ಕದ ಮನೆಯವರ ಬಗ್ಗೆ ಸಂಕಟವಾಯಿತು. ಯಾಕೆ ಅಂತ ಹೇಳುತ್ತೇನೆ. ಓದಲು ಹೋಗಿದ್ದಾಗ ನಾನೂ ಅದೇ ಊರಲ್ಲಿ ಎರಡು ವರ್ಷ ಇದ್ದೆ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗೆ. ಶೆಫೀಲ್ಡ್ ಕಡೆ, ಒಟ್ಟಿನಲ್ಲಿ ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ, 'ಟೀ' ಅಂದರೆ ಸಂಜೆಯ ಊಟ. ಮಧ್ಯಾಹ್ನದ ಊಟ 'ಡಿನ್ನರ್'. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನ ಬಡಿಸುವವರನ್ನು ಇವತ್ತಿಗೂ ಡಿನ್ನರ್ ಲೇಡಿ ಅಂತಲೇ ಕರೆಯುತ್ತಾರೆ. ನಾವು ಪುಸ್ತಕದಲ್ಲಿ, ಸಿನಿಮಾದಲ್ಲಿ ನೋಡುವ ಟೀ ಬೇರೆ. ತೆಳ್ಳಗೆ ಕತ್ತರಿಸಿದ ಸ್ಯಾಂಡ್‌ವಿಚ್, ಕೇಕ್, ಹೂವಿನ ಚಿತ್ರದ ಕಪ್ಪು, ಅದು ದೊಡ್ಡ ಮನೆತನದವರದ್ದು. 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಆನ್ನಾ ಅದನ್ನು ರೂಢಿಗೆ ತಂದರು ಅಂತ ಹೇಳುತ್ತಾರೆ, ರಾತ್ರಿ ಊಟ ತಡವಾಗುತ್ತಿತ್ತು, ನಡುವೆ ಹಸಿವಾಗುತ್ತಿತ್ತು ಅಂತ. ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದು ಮನೆಗೆ ಬಂದವನಿಗೆ ಸ್ಯಾಂಡ್‌ವಿಚ್ ಸಾಕಾಗುತ್ತದಾ? ಅವನಿಗೆ ಬಂದ ಕೂಡಲೇ ಬಿಸಿ ಊಟ ಬೇಕು, ಜೊತೆಗೆ ಒಂದು ಪಾಟ್ ತುಂಬ ಟೀ. ಆ ಊಟಕ್ಕೇ ಟೀ ಅಂತ ಹೆಸರು ನಿಂತಿತು.

ನನ್ನ ಮನೆಯೊಡತಿ ನನ್ನನ್ನು ಮೊದಲ ಸಲ ಟೀಗೆ ಕರೆದ ದಿನ ನನಗೆ ಚೆನ್ನಾಗಿ ನೆನಪಿದೆ. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿದ್ದರು. ತಟ್ಟೆಗಳನ್ನು ಓವನ್ನಿನಲ್ಲಿಟ್ಟು ಬೆಚ್ಚಗೆ ಮಾಡಿದ್ದರು, ಊಟ ಆರಬಾರದು ಅಂತ. ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ, ಬೇಯಿಸಿದ ಬಟಾಣಿ. ನಾನು ಮಾಂಸ ತಿನ್ನುವುದಿಲ್ಲ ಅಂತ ಯಾವಾಗಲೋ ಒಮ್ಮೆ ಹೇಳಿದ್ದನ್ನು ಜ್ಞಾಪಕ ಇಟ್ಟುಕೊಂಡು, ಬೆಳಿಗ್ಗೆಯಿಂದ ಹಿಟ್ಟು ಕಲಸಿ, ಚೀಸು ಈರುಳ್ಳಿ ತುಂಬಿದ ಪೈ ಮಾಡಿದ್ದರು. ಟೀ ಪಾಟಿಗೆ ಅವರೇ ಹೆಣೆದ ಉಣ್ಣೆಯ ಟೋಪಿ ಹಾಕಿತ್ತು. ಬಾಯಲ್ಲಿ ಒಂದು ಮಾತಿಲ್ಲ, ಬಲವಂತ ಇಲ್ಲ, 'ಇನ್ನೊಂಚೂರು ಹಾಕಿಕೊಳ್ಳಿ' ಅಂತ ಒಂದೇ ಸಲ ಕೇಳಿದರು. ನಮ್ಮಲ್ಲಾದರೆ ಮೂರು ಸಲ ಬೇಡ ಅಂದಮೇಲೆ ನಾಲ್ಕನೇ ಸಲಕ್ಕೆ ಒಪ್ಪುತ್ತೇವೆ, ಅಲ್ವಾ? ಅಲ್ಲಿ ಬೇಡ ಅಂದರೆ ಬೇಡ ಅಂತಲೇ ಅರ್ಥ. ಆದ್ದರಿಂದ ಅಮ್ಮ, ನೀವು ಬರೀ ಟೀ ಕುಡಿದು ಎದ್ದು ಬಂದ ಆ ಸಂಜೆ, ಒಳಗೆ ಓವನ್ನಿನಲ್ಲಿ ನಿಮಗೆಲ್ಲ ಮಾಡಿದ ಅಡುಗೆ ಬೆಚ್ಚಗೆ ಕೂತಿತ್ತು ಅಂತಲೇ ನನ್ನ ಅಂದಾಜು. ಬಲವಂತ ಮಾಡುವುದು ಅವರ ರೂಢಿ ಅಲ್ಲ, ಟೀ ಅಂದರೆ ಊಟ ಅಂತ ನಿಮಗೆ ಗೊತ್ತಿರಲಿಲ್ಲ. ತಪ್ಪು ಯಾರದ್ದೂ ಅಲ್ಲ.

ಬರೀ ಕುಡಿಯುವ ಟೀ ಕೂಡ ಅಲ್ಲಿ ಸಣ್ಣ ವಿಷಯ ಅಲ್ಲ. ಮನೆಗೆ ಕೆಟ್ಟ ಸುದ್ದಿ ಬಂದರೆ ಮೊದಲು ಕೆಟಲ್, ಅಂದರೆ ಕರೆಂಟಿನಲ್ಲಿ ನೀರು ಕಾಸುವ ಪಾತ್ರೆ, ಇಡುತ್ತಾರೆ. ಜಗಳ ಆದಮೇಲೆ ರಾಜಿ ಆಗುವುದೂ ಕೆಟಲ್ ಇಟ್ಟೇ. 1990ರ ಜುಲೈ 4ರಂದು ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಆಟ ಮುಗಿದ ಕೂಡಲೇ ದೇಶದ ಮನೆಮನೆಯಲ್ಲೂ ಜನ ಟಿವಿ ಮುಂದಿನಿಂದ ಎದ್ದರು, ಕೆಟಲ್ ಹಾಕಿದರು, ಲೈಟು ಹಾಕಿದರು, ಒಮ್ಮೆಗೇ ವಿದ್ಯುತ್ ಬೇಡಿಕೆ 2,800 ಮೆಗಾವಾಟ್ ಏರಿತು. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಲೆಕ್ಕ ಹಾಕಿ ನೋಡಿ. ಸೋತ ದುಃಖಕ್ಕೆ ಇಡೀ ದೇಶ ಒಟ್ಟಿಗೆ ಟೀ ಕಾಸಿತು. ಆಫೀಸಿನಲ್ಲಿ ಒಬ್ಬರು ಎದ್ದರೆ 'ಯಾರಿಗೆಲ್ಲ ಬೇಕು' ಅಂತ ಎಲ್ಲರನ್ನೂ ಕೇಳಿ ಎಲ್ಲರಿಗೂ ಮಾಡಿ ತರುತ್ತಾರೆ, ನಾಳೆ ಇನ್ನೊಬ್ಬರ ಸರದಿ. ನಿಮ್ಮ ಅಳಿಯಂದಿರಿಗೆ ಇದನ್ನು ಹೇಳಿಡಿ. ದಿನಾ ಬೇರೆಯವರು ಮಾಡಿದ ಟೀ ಕುಡಿದು ತಾನು ಒಂದು ದಿನವೂ ಮಾಡದವನನ್ನು ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ಗಮನಿಸಿರುತ್ತಾರೆ.

ಇನ್ನು ಮಳೆ ಬಿಸಿಲಿನ ಮಾತು. ನಾವು ಎದುರಿಗೆ ಸಿಕ್ಕವರಿಗೆ 'ಊಟ ಆಯ್ತಾ' ಅಂತೀವಿ. ಏನು ಉಂಡರು ಅಂತ ನಮಗೇನು ಬೇಕಾಗಿರುತ್ತದೆ? ಮಾತು ಶುರುವಾಗಬೇಕು, ಅಷ್ಟೇ. ಅವರು 'ಇವತ್ತು ಚಳಿ ಜಾಸ್ತಿ, ಇಸಂಟ್ ಇಟ್' ಅಂತಾರೆ. ಆ 'ಇಸಂಟ್ ಇಟ್' ನಮ್ಮ 'ಅಲ್ವಾ'ನೇ. ಅದಕ್ಕೆ ಹೌದು ಅನ್ನಬೇಕು, ಒಂದು ಮಾತು ಸೇರಿಸಬೇಕು. ನಮ್ಮವರು ಅಲ್ಲಿಗೆ ಹೋದ ಹೊಸದರಲ್ಲಿ 'ಇಲ್ಲ, ನನಗೇನೂ ಚಳಿ ಅನಿಸ್ತಿಲ್ಲ' ಅಂತ ನೇರವಾಗಿ ಹೇಳಿಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಐದು ತಿಂಗಳು ಆ ಹೆಂಗಸು ಒಂದು ದಿನವೂ ತಪ್ಪದೆ ನಿಂತು ಹವಾಮಾನ ಹೇಳಿದ್ದಾರೆ ಅಂದರೆ ದಿನಾ ನಿಮ್ಮ ಮನೆ ಬಾಗಿಲು ತಟ್ಟಿದ್ದಾರೆ ಅಂತ ತಿಳಿಯಿರಿ.

ಸಂಪ್ರದಾಯ ಇದೆಯೇ ಅಂದಿರಿ. ನಿಮ್ಮ ಮಗಳ ಮನೆಯಿಂದ ಒಂದೂವರೆ ಗಂಟೆಯ ದಾರಿಯಲ್ಲೇ ಇರುವುದನ್ನು ಹೇಳುತ್ತೇನೆ. ಪಕ್ಕದ ಡಾರ್ಬಿಶೈರ್‌ನಲ್ಲಿ ಟಿಸಿಂಗ್ಟನ್ ಅಂತ ಒಂದು ಪುಟ್ಟ ಹಳ್ಳಿ. ಈಸ್ಟರ್ ಭಾನುವಾರವನ್ನೂ ಸೇರಿಸಿ ಎಣಿಸಿದರೆ ನಲವತ್ತನೇ ದಿನ, ಗುರುವಾರ, ಯೇಸು ಸ್ವರ್ಗಕ್ಕೆ ಏರಿದ ದಿನ ಅಂತ ಆಚರಿಸುತ್ತಾರಲ್ಲ, ಅವತ್ತು ಊರಿನ ಬಾವಿಗಳಿಗೆಲ್ಲ ಅಲಂಕಾರ. 1348-49ರ ಮಹಾ ಪ್ಲೇಗಿನಲ್ಲಿ ಸುತ್ತಮುತ್ತ ಜನ ಸತ್ತರೂ ತಮ್ಮ ಊರು ಉಳಿದದ್ದು ಬಾವಿಯ ಶುದ್ಧ ನೀರಿನಿಂದ ಅನ್ನುವ ನಂಬಿಕೆ ಅಲ್ಲಿದೆ.

ನಾನು ಇನ್ನೊಂದು ಹಳ್ಳಿಯಲ್ಲಿ ಆ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ದೊಡ್ಡ ಮರದ ಹಲಗೆಗಳನ್ನು ಕೆಲವು ದಿನ ನೀರಿನಲ್ಲಿ ನೆನೆಸುತ್ತಾರೆ. ಮೇಲೆ ಉಪ್ಪು ಬೆರೆಸಿದ ಜೇಡಿಮಣ್ಣು ಮೆತ್ತುತ್ತಾರೆ, ಬೇಗ ಒಣಗಬಾರದು ಅಂತ. ಚಿತ್ರ ಬರೆದ ಕಾಗದ ಹಾಸಿ ಗೆರೆಯುದ್ದಕ್ಕೂ ಮುಳ್ಳಿನಷ್ಟು ಸಣ್ಣ ತೂತು ಮಾಡಿ ಮಣ್ಣಿನ ಮೇಲೆ ಚಿತ್ರ ಇಳಿಸುತ್ತಾರೆ. ಆ ಗೆರೆಗೆ ಕೂರಿಸುವುದು ಏನು ಅಂದುಕೊಂಡಿರಿ? ಹುರಿದ ಕಾಫಿ ಬೀಜ! ಚಿಕ್ಕಮಗಳೂರು ಕಡೆಯವನಾದ ನನಗೆ ಅಲ್ಲಿ ನಿಂತು ಕಣ್ಣು ತುಂಬಿ ಬಂತು. ಆಮೇಲೆ ಹೂವಿನ ಎಸಳು. ಹೆಂಚು ಹೊದಿಸಿದ ಹಾಗೆ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಒತ್ತುತ್ತಾ ಹೋಗುತ್ತಾರೆ, ಮಳೆ ಬಂದರೆ ನೀರು ಜಾರಿ ಹೋಗಲಿ ಅಂತ. ಎಂಬತ್ತು ದಾಟಿದ ಅಜ್ಜಿಯರು, ಶಾಲೆಯ ಮಕ್ಕಳು, ಒಂದೇ ಬೆಂಚಿನಲ್ಲಿ ಕೂತು ಹಗಲು ರಾತ್ರಿ ಎಸಳು ಕೂರಿಸುತ್ತಾರೆ. ಇಷ್ಟೆಲ್ಲ ಮಾಡಿದ್ದು ಒಂದು ವಾರದಲ್ಲಿ ಬಾಡಿ ಹೋಗುತ್ತದೆ. ಅದೇ ಡಾರ್ಬಿಶೈರ್‌ನ ವರ್ಕ್ಸ್‌ವರ್ತ್ ಊರಿಗೆ 1827ರಲ್ಲಿ ಕೊಳಾಯಿ ನೀರು ಬಂದಾಗ ಜನ ನಲ್ಲಿಗಳಿಗೇ ಹೂವಿನ ಅಲಂಕಾರ ಮಾಡಿದರು. ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಗಂಗಾಪೂಜೆ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಡಬ್ಬಿ ಖಾಲಿ ಬಂತು ಅಂತ ನೊಂದುಕೊಂಡಿದ್ದೀರಿ. ನಮ್ಮಲ್ಲಿ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ವಾಪಸ್ ಕೊಡುತ್ತೇವೆ, ನಿಜ. ಆದರೆ ಆ ಕಾರ್ಡ್ ಇದೆಯಲ್ಲ, ಅದೇ ಅವರ ಸಕ್ಕರೆ. ಇಂಗ್ಲಿಷರು ಬಾಯಲ್ಲಿ ಹೇಳಲು ಸಂಕೋಚಪಡುವುದನ್ನು ಕಾರ್ಡಿನಲ್ಲಿ ಬರೆಯುತ್ತಾರೆ. 1840ರಲ್ಲಿ ಒಂದು ಪೆನ್ನಿ ನಾಣ್ಯ ಕೊಟ್ಟರೆ ದೇಶದ ಯಾವ ಮೂಲೆಗಾದರೂ ಕಾಗದ ಕಳಿಸುವ ಅಂಚೆ ಶುರುವಾಯಿತು. 1843ರಲ್ಲಿ ಹೆನ್ರಿ ಕೋಲ್ ಅನ್ನುವವರು ಕ್ರಿಸ್‌ಮಸ್ಸಿಗೆ ಸಾವಿರ ಕಾರ್ಡ್ ಅಚ್ಚು ಹಾಕಿಸಿದರು. ಆಮೇಲೆ ಹುಟ್ಟುಹಬ್ಬಕ್ಕೆ, ಹುಷಾರಿಲ್ಲದವರಿಗೆ, ಸಾವಾದ ಮನೆಗೆ, ಉಪಕಾರ ಮಾಡಿದವರಿಗೆ, ಎಲ್ಲದಕ್ಕೂ ಕಾರ್ಡ್. ಅಂಗಡಿಗೆ ಹೋಗಿ, ಹತ್ತು ನೋಡಿ ಒಂದನ್ನು ಆರಿಸಿ, ಮೇಜಿನ ಮುಂದೆ ಕೂತು ಪೆನ್ನಿನಲ್ಲಿ ಬರೆದು, ನಿಮಗೆ ತೊಂದರೆ ಆಗಬಾರದು ಅಂತ ಬೆಲ್ ಒತ್ತದೆ ಹಾಕಿ ಹೋಗಿದ್ದಾರೆ. ಕಾರ್ಡ್ ಪಡೆದವರು ಅದನ್ನು ಡ್ರಾಯರಿನಲ್ಲಿ ಇಡುವುದಿಲ್ಲ, ಬೆಂಕಿಗೂಡಿನ ಮೇಲೋ ಕಿಟಕಿಯ ಕಟ್ಟೆಯ ಮೇಲೋ ನಿಲ್ಲಿಸುತ್ತಾರೆ, ಬಂದವರಿಗೆಲ್ಲ ಕಾಣುವ ಹಾಗೆ.

ನೀವು ವಾಪಸ್ ಬಂದಾಯಿತು, ಮಗಳು ಅಲ್ಲೇ ಇದ್ದಾಳೆ. ಇವತ್ತೇ ಫೋನ್ ಮಾಡಿ. ಪಕ್ಕದ ಮನೆಗೆ ಹೋಗಿ ಅವತ್ತಿನ ವಿಷಯ ಬಿಡಿಸಿ ಹೇಳಲಿ, ನಮಗೆ ಟೀ ಅಂದರೆ ಊಟ ಅಂತ ತಿಳಿಯಲಿಲ್ಲ ಅನ್ನಲಿ. ಬರುವ ಭಾನುವಾರ ಸಂಜೆ ಐದೂವರೆಗೆ ಟೀಗೆ ಬನ್ನಿ ಅಂತ ಕರೆಯಲಿ, 'ಊಟದ ಟೀ' ಅಂತ ಸೇರಿಸಲಿ. ಖಾರ ಕಡಿಮೆ ಮಾಡಿ ಚಿತ್ರಾನ್ನ, ಪಲ್ಯ, ಒಂದು ಪಾಯಸ ಸಾಕು. ಅವರು ಬರುವ ಮೊದಲು ಡ್ರಾಯರಿನಿಂದ ಆ ಕಾರ್ಡ್ ತೆಗೆದು, ಮುಂದಿನ ಕೋಣೆಯ ಕಿಟಕಿಯ ಮೇಲೆ ನಿಲ್ಲಿಸಲಿ.

– ಸಂಪಾದಕ